ಅವಳು ಇಟ್ಟಲ್ಲೇ ಇರಲಿ

ಮನೆ, ನಿನ್ನ ಕೋಣೆ, ನಿನ್ನ ಮೇಜು
(ಕೂರಲು ಅಮ್ಮನ ಅಪ್ಪಣೆಯಾಗಿದೆ)
೧೧ನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಿವಿಗೆ ಗಾಳಿ ಹೋಗದ ಹಾಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯಾ ಎಂದು ಅಮ್ಮ ಕೇಳುತ್ತಿದ್ದಾಳೆ. ದಿನವಿಡೀ ಗಾಳಿ ಅಳೆಯುವುದೇ ಅಕ್ಕನ ಉದ್ಯೋಗ, ಅವಳಿಗೆ ಗಾಳಿಗೆ ಹೋಗಬೇಡ ಎಂದರೆ ಮೀನಿಗೆ ನೆನೆಯಬೇಡ ಎಂದ ಹಾಗಾಗುತ್ತದೆ ಎಂದು ತಿಳಿಹೇಳಿದೆ. ಆದರೂ ಬರೆ ಎಂದಳು, ಬರೆದಿದ್ದೇನೆ. ಇಲ್ಲಿ ಅಮ್ಮನ ಮೊಣಕಾಲು ನೋವು ಕಡಿಮೆ. ನನ್ನ ತಲೆ ಮೊದಲಿನ ಹಾಗೇ ಇದೆ. ನೀನು ಆ ದ್ವೀಪದ ಹವಾಮಾನ ಕೇಂದ್ರಕ್ಕೆ ಹೋಗಿ ಏಳು ತಿಂಗಳು ನಾಲ್ಕು ದಿನ. ದಿನ ಎಣಿಸುವವಳು ಅಮ್ಮ. ನಾನು ಆಗಾಗ ಸರಿಯಾಗಿದೆಯೇ ಎಂದು ನೋಡುತ್ತೇನೆ, ಅಷ್ಟೇ.

ಈಗ ಮುಖ್ಯ ವಿಷಯ. ದಯವಿಟ್ಟು ಎದ್ದು ನಿಂತು ಓದುವುದು. ಕಳೆದ ಭಾನುವಾರ ಹತ್ತು ಗಂಟೆಗೆ, ಮೂರು ವಾರಕ್ಕೊಮ್ಮೆ ಬರುವ ನಿನ್ನ ಹದಿನೈದು ನಿಮಿಷದ ಕರೆಯನ್ನು ನಾವು ಎತ್ತಲಿಲ್ಲ. ಕಾರಣ, ನೀನು ಬಿಟ್ಟುಹೋದ ಲ್ಯಾಪ್‌ಟಾಪಿನ ಮೌನವ್ರತ. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ಉಸಿರೆಳೆದುಕೊಳ್ಳುತ್ತಿತ್ತು, ಕಂಪನಿಯ ಗುರುತು ಬಂದು ಮುಖ ತೋರಿಸುತ್ತಿತ್ತು. ಆಮೇಲೆ ಪರದೆ ಕಪ್ಪು, ಮೂಲೆಯಲ್ಲಿ ಮಿಟುಕುವ ಒಂದು ಬಿಳಿ ಗೆರೆ. ಬಾಗಿಲು ತೆಗೆದು, ಬಂದವರು ಯಾರೆಂದು ನೋಡಿ, ಮತ್ತೆ ಚಿಲಕ ಹಾಕಿಕೊಂಡವರ ಹಾಗೆ. ಫೋನಿನಲ್ಲಾದರೂ ಎತ್ತಬಹುದಿತ್ತು ಎನ್ನಬೇಡ. ನಿನ್ನ ದನಿಯಲ್ಲಿ ಅಮ್ಮನಿಗೆ ಫೋನ್ ಮಾಡಿ "ಇಲ್ಲೇ ಮದುವೆ ಮಾಡಿಕೊಂಡೆ" ಎಂದು ಹೇಳಿದವನು ನಾನೇ. ಅಂದಿನಿಂದ ಕರೆ ಬರುವ ಖಾತೆಯ ಗುಪ್ತಪದವನ್ನು ಆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಮಾತ್ರ ಬಚ್ಚಿಟ್ಟವಳು ನೀನೇ.

ರೋಗ ಕಾಣಿಸಿಕೊಂಡದ್ದು ಅದಕ್ಕೂ ಮೊದಲಿನ ಗುರುವಾರ. ಚಾರ್ಜರ್ ಬದಲಿಸಿದೆ. ಬ್ಯಾಟರಿ ಬಿಚ್ಚಿ, ಮೂವತ್ತು ಎಣಿಸುವ ತನಕ ಗುಂಡಿ ಒತ್ತಿ ಹಿಡಿದೆ. ಕೀಲಿಗಳ ಸಂದಿಯಿಂದ ಬಿಸ್ಕತ್ತಿನ ಪುಡಿಯನ್ನು ಬ್ರಷ್ಷಿನಲ್ಲಿ ಹೊರಗೆ ತೆಗೆದೆ. ಅದರಲ್ಲಿ ಅರ್ಧ ನಿನ್ನ ಕಾಲದ್ದು ಎಂದು ತಿಳಿದು, ಅದನ್ನೂ ಎಸೆಯಬೇಡ ಎಂದಳು ಅಮ್ಮ. ನಗಬೇಡ. ನೀನು ಹೋದ ದಿನದಿಂದ ಈ ಕೋಣೆಯಲ್ಲಿ ಒಂದೇ ಕಾನೂನು: "ಅವಳು ಇಟ್ಟಲ್ಲೇ ಇರಲಿ." ಕಿಟಕಿಯ ಮೇಲೆ ನಿನ್ನ ಲೋಟ, ಕುರ್ಚಿಯ ಬೆನ್ನಿಗೆ ನಿನ್ನ ಟವೆಲ್, ನೀನು ಮಗುಚಿಟ್ಟು ಹೋದ ಪುಸ್ತಕ, ಎಲ್ಲವೂ ಹಾಗೇ ಇವೆ. ಗುಡಿಸುವಾಗ ಏನಾದರೂ ಒಂದಿಷ್ಟು ಜರುಗಿದರೆ, ಅಮ್ಮ ಗೇಣು ಹಾಕಿ ಅಳೆದು ಮತ್ತೆ ಅಲ್ಲೇ ಇಡುತ್ತಾಳೆ. ರೋಗ ಬರುವ ಹಿಂದಿನ ದಿನ ಮಂಚದ ಕೆಳಗೆ ನಿನ್ನ ನೀಲಿ ಪೆನ್ ಡ್ರೈವ್ ಸಿಕ್ಕಿತು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಿತೇನೋ ಎನ್ನುವ ಹಾಗೆ ಅದನ್ನು ಸೆರಗಿನಿಂದ ಒರೆಸಿ, ನೀನು ಕೆಲಸ ಮಾಡುವಾಗ ಅದು ಎಲ್ಲಿರುತ್ತಿತ್ತೋ ಅಲ್ಲೇ, ಲ್ಯಾಪ್‌ಟಾಪಿನ ಪಕ್ಕೆಗೆ ಸಿಕ್ಕಿಸಿದಳು. ಅವತ್ತು ಅವಳ ಮುಖ ನೋಡಬೇಕಿತ್ತು ನೀನು.

ಶನಿವಾರ ರೋಗಿಯನ್ನು ರಿಪೇರಿ ಅಂಗಡಿಯ ಮಾಮನ ಹತ್ತಿರ ಒಯ್ದೆ. ದಾರಿಯಲ್ಲಿ ಬಿದ್ದುಹೋದೀತು ಎಂದು ನೀಲಿ ಡ್ರೈವನ್ನು ಅಮ್ಮ ಮೊದಲೇ ತೆಗೆದಿಟ್ಟುಕೊಂಡಿದ್ದಳು. ಮಾಮ ಗುಂಡಿ ಒತ್ತಿದರು. ನಮ್ಮ ರೋಗಿ ಒಂದೇ ಸಲಕ್ಕೆ ಎದ್ದು ಕೂತ. ನಿನ್ನ ಬೆಕ್ಕಿನ ಚಿತ್ರವೂ ಬಂತು. ಹಿಂದೊಮ್ಮೆ ಅವರ ಬಾಗಿಲಿಗೆ "ಇಲ್ಲಿ ಮುರಿದ ಮನಸ್ಸೂ ರಿಪೇರಿ" ಎಂದು ಚೀಟಿ ಅಂಟಿಸಿದವನು ನಾನೆಂದು ಅವರು ಮರೆತಿಲ್ಲ. ಕನ್ನಡಕದ ಮೇಲಿಂದ ನೋಡಿ, "ನನ್ನ ಹತ್ರಾನೂ ಶುರು ಮಾಡಿದ್ಯಾ?" ಎಂದರು. ಮನೆಗೆ ತಂದೆ. ಅಮ್ಮ ಎಲ್ಲವನ್ನೂ ಮೊದಲಿನ ಹಾಗೇ ಜೋಡಿಸಿಟ್ಟಳು. ಗುಂಡಿ ಒತ್ತಿದೆ. ಮತ್ತೆ ಕಪ್ಪು ಪರದೆ, ಬಿಳಿ ಗೆರೆ. ಅಂಗಡಿಯಲ್ಲಿ ನಡೆಯುವ ಯಂತ್ರ ಮನೆಯಲ್ಲಿ ನಡೆಯದಿದ್ದರೆ ತಪ್ಪು ಯಾರದ್ದು? ಈ ಮನೆಯಲ್ಲಿ ಅಂಥ ಪ್ರಶ್ನೆಗಳಿಗೆಲ್ಲ ಇರುವುದು ಒಂದೇ ಉತ್ತರ, ಅದು ನಾನು. ಅಮ್ಮ ನಿಶ್ಚಿಂತಳಾದಳು.

ಅಕ್ಕಾ, ಭಾನುವಾರ ಅವಳು ಒಂಬತ್ತೂವರೆಗೇ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು, ಕಪ್ಪು ಪರದೆಯ ಮುಂದೆ ಬಂದು ಕೂತಳು. ನಿನಗೆ ಹೇಳಬೇಕಾದ್ದನ್ನೆಲ್ಲ ಬರೆದುಕೊಂಡ ಚೀಟಿ ಕೈಯಲ್ಲಿತ್ತು. ಹತ್ತು ಹೊಡೆಯಿತು. ನಾನು ಗುಂಡಿ ಒತ್ತುತ್ತಿದ್ದೆ, ಮುಚ್ಚುತ್ತಿದ್ದೆ, ಮತ್ತೆ ಒತ್ತುತ್ತಿದ್ದೆ. ಅಮ್ಮ ನಗುತ್ತಲೇ ಇದ್ದಳು, ಕೊನೇ ಗಳಿಗೆಯಲ್ಲಿ ನಾನು ಆಟ ಮುಗಿಸುತ್ತೇನೆಂದು. ಹತ್ತು ನಿಮಿಷ ಕಳೆದ ಮೇಲೆ "ಸಾಕು ಕಣೋ, ಈಗಲಾದ್ರೂ ತೆಗಿ" ಎಂದಳು. ಹತ್ತೂಕಾಲಿಗೆ ಚೀಟಿಯನ್ನು ನಾಲ್ಕಾಗಿ ಮಡಚಿ ಎದ್ದು ಹೋದಳು. ನಾನು ಇಷ್ಟು ವರ್ಷ ಮಾಡಿದ ಚೇಷ್ಟೆಗಳೆಲ್ಲ ಒಟ್ಟಿಗೆ ಬಂದು ನನ್ನ ಪಕ್ಕದಲ್ಲಿ ಕೂತ ಹಾಗಾಯಿತು.

ಸೋಮವಾರ ಆರೋಪಿ ತಪ್ಪೊಪ್ಪಿಕೊಂಡ. ಹೌದು, ಒಳಗೊಂದು ಕಡೆ ತಮಾಷೆಗೆ ಕೈಯಾಡಿಸಿದ್ದೆ, ಆಮೇಲೆ ಬಿಡಿಸಲು ಬರಲಿಲ್ಲ, ಈಗ ಮಾಮ ಸರಿಮಾಡಿಕೊಟ್ಟಿದ್ದಾರೆ ಎಂದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಊಟಕ್ಕೆ ಕರೆಯುವುದೂ ತಟ್ಟೆಯ ಸದ್ದಿನಲ್ಲೇ. ಲ್ಯಾಪ್‌ಟಾಪ್ ತೆರೆದಾಗ ನಿನ್ನ ತಪ್ಪಿದ ಕರೆಗಳು ಸಾಲಾಗಿ ನಿಂತಿದ್ದವು, ಹನ್ನೊಂದು. ಅಮ್ಮ ಒಂದೊಂದನ್ನೂ ಬೆರಳಿಟ್ಟು ಎಣಿಸಿದಳು. ಹಾಗಾದರೆ ಆ ಹದಿನೈದು ನಿಮಿಷವೂ ನೀನು ಅತ್ತ ಕೂತೇ ಇದ್ದೆ. ನಿನ್ನೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು, "ಪಾಪ, ಅವಳು ಏನಂದುಕೊಂಡಳೋ."

ಅದಕ್ಕೇ ಈ ಕಾಗದ, ಇಪ್ಪತ್ತನೇ ತಾರೀಖಿನ ದೋಣಿಗೆ. ನಾವೆಲ್ಲ ಚೆನ್ನಾಗಿದ್ದೇವೆ, ಏನೂ ಅಂದುಕೊಳ್ಳಬೇಡ. ಇಪ್ಪತ್ತೆಂಟರ ಭಾನುವಾರ ಹತ್ತು ಗಂಟೆಗೆ ಅಮ್ಮ ಅದೇ ಸೀರೆ, ಅದೇ ಚೀಟಿಯೊಂದಿಗೆ ಹಾಜರಿರುತ್ತಾಳೆ. ಕೆಳಗೆ ಜಾಗ ಬಿಟ್ಟಿದ್ದೇನೆ, ಅವಳು ಓದಿ ಒಂದು ಸಾಲು ಬರೆಯುತ್ತಾಳಂತೆ.

ನಿನ್ನ ಕುರ್ಚಿಯ ಟವೆಲ್‌ನಿಂದ ಹಿಡಿದು ಎಲ್ಲರ ನೆನಪುಗಳೊಂದಿಗೆ,
ನಿನ್ನ
ಪೀಡೆ

(ಮಗಳೇ, ಹತ್ತಿ ಇಟ್ಟುಕೋ. ನಿನ್ನ ಸಾಮಾನೆಲ್ಲ ಜೋಪಾನವಾಗಿದೆ. — ಅಮ್ಮ)

ವಿ.ಸೂ.: ಇದನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಮ್ಮ ನೋಡಿಲ್ಲ. ನಾನು ಏನನ್ನೂ ಮುಟ್ಟಿರಲಿಲ್ಲ ಅಕ್ಕಾ. ಸೋಮವಾರ ಮಾಮ "ಮನೇಲಿ ಹೇಗಿರುತ್ತೋ ಹಾಗೇ ತಾ, ಏನೂ ತೆಗೀಬೇಡ" ಎಂದಿದ್ದರು. ತಂದುಕೊಟ್ಟೆ. ನೋಡಿದವರೇ ನೀಲಿ ಡ್ರೈವನ್ನು ಕಿತ್ತರು, ಯಂತ್ರ ಎದ್ದಿತು. ಆನ್ ಮಾಡುವ ಮೊದಲೇ ಸಿಕ್ಕಿಸಿದ್ದರೆ ಆ ಹಳೇ ಯಂತ್ರ ತನ್ನ ಹೊಟ್ಟೆ ಬಿಟ್ಟು ಡ್ರೈವಿನಲ್ಲೇ ಎಲ್ಲವನ್ನೂ ಹುಡುಕುತ್ತಾ ನಿಲ್ಲುತ್ತದಂತೆ. ನೀನು ಯಂತ್ರ ಎದ್ದ ಮೇಲೆ ಸಿಕ್ಕಿಸುತ್ತಿದ್ದೆ, ಅಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ಕರೆ ತಪ್ಪಿದ್ದು ತನ್ನ ಕೈಯಿಂದ ಎಂದು ತಿಳಿದರೆ ಅವಳು ಆ ಕೋಣೆಗೆ ಕಾಲಿಡುವುದಿಲ್ಲ. ನನ್ನ ಹೆಸರು ಹೇಗೂ ಕೆಟ್ಟಿದೆ, ಇದೂ ಇರಲಿ. ದಿನಾ ಮೊದಲು ಡ್ರೈವ್ ತೆಗೆದು, ಯಂತ್ರ ಎದ್ದ ಮೇಲೆ ಅವಳು ಬರುವುದರೊಳಗೆ ಇಟ್ಟಲ್ಲೇ ಇಡುತ್ತೇನೆ. ಇಪ್ಪತ್ತೆಂಟಕ್ಕೆ ಅವಳು ನನ್ನ ಮೇಲೆ ದೂರು ಹೇಳುತ್ತಾಳೆ. ಏನೂ ಗೊತ್ತಿಲ್ಲದವಳ ಹಾಗೆ ನನ್ನನ್ನು ಬೈ. ಹದಿನೈದರಲ್ಲಿ ಎರಡು ನಿಮಿಷ ಅದಕ್ಕೆಂದೇ ಇಟ್ಟುಕೊಂಡು ಚೆನ್ನಾಗಿ ಬೈ. ನೀನು ಬೈದು ಏಳು ತಿಂಗಳಾಯಿತು.