ಟ್ಯಾಂಕಿನ ನೆರಳು

ಫೆಬ್ರವರಿ 11, 2007. ಭಾನುವಾರ, ಬೆಳಿಗ್ಗೆ 9.30

ಮತ್ತೆ ಅದೇ ಶೆಡ್. ಮೂರನೇ ಸಲ ಅಳೆದೆ. ವಾರವೆಲ್ಲ ಆಫೀಸಿನಲ್ಲಿ ಉಪಗ್ರಹ ಚಿತ್ರ ನೋಡಿ ನಕ್ಷೆ ಬಿಡಿಸುವುದು, ಭಾನುವಾರ ಬೆಂಗಳೂರಿನ ಬಿಟಿಎಮ್ ಲೇಔಟಿನ ಈ ರೂಮಿನಲ್ಲಿ ಅದೇ ಕೆಲಸ ಪುಕ್ಕಟೆ. ಹುಚ್ಚು ನನಗೆ.

ಎಲ್ಲ ಪಕ್ಕದ ರೂಮಿನವನಿಗಾಗಿ. ದೂರದ ದೇಶದಿಂದ ಇಲ್ಲಿಗೆ ಓದಲು ಬಂದವನು. ಹೆಸರು ಹೇಳಲು ಬಾರದೆ ಓನರ್ ಈಶ್ವರಮ್ಮ ‘ಮುನಿಯಣ್ಣ’ ಅಂತ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ, ಈ ಡೈರಿ ಯಾರ ಕೈಗಾದರೂ ಸಿಕ್ಕರೆ ಕಷ್ಟ. ಅವನ ಅಣ್ಣನನ್ನು ಅಲ್ಲಿನ ಗುಪ್ತ ಪೊಲೀಸರು ಎತ್ತಿಕೊಂಡು ಹೋಗಿ ಎರಡು ವರ್ಷ. ಸರ್ಕಾರಕ್ಕೆ ಏನೂ ಗೊತ್ತಿಲ್ಲವಂತೆ. ಒಳಗಿದ್ದ ಯಾರೋ ಕಿಟಕಿಯಿಂದ ಕದ್ದು ತೆಗೆದ ಫೋಟೋ ಮುನಿಯಣ್ಣನ ಕೈ ಸೇರಿದೆ. ಒಂದು ಗೋಡೆ, ಕಾವಲು ಗೋಪುರ, ಅದರ ನೆರಳು. ಅಷ್ಟೇ. ನನ್ನ ಅನುಮಾನ ಅಲ್ಲಿನ ಏರ್‌ಪೋರ್ಟ್ ಪಕ್ಕದ ಶೆಡ್ ಮೇಲೆ. ಸರ್ಕಾರದ ಪ್ರಕಾರ ಅದು ಮೀನಿನ ಕೋಲ್ಡ್ ಸ್ಟೋರೇಜ್.

ಮುನಿಯಣ್ಣ ಟೆರೇಸಿನಲ್ಲಿ ತನ್ನ ಅಣ್ಣನ ಹೊದಿಕೆ ಒಗೆದು ಹಾಕುತ್ತಿದ್ದ. ಅಂಚು ನೋಡಿ ನಿಂತುಬಿಟ್ಟೆ. ಗುಳೇದಗುಡ್ಡದ ನೇಕಾರರ ಮನೆಯವ ನಾನು, ಇಂಥ ನೇಯ್ಗೆ ಕಂಡಿಲ್ಲ. “ನಮ್ ಊರಲ್ಲಿ ಮಾತ್ರ ಮಾಡ್ತಾರೆ, ಗುರು” ಅಂದ, ಇಲ್ಲಿ ಕಲಿತ ಕನ್ನಡದಲ್ಲಿ.

ಫೆಬ್ರವರಿ 18, ಭಾನುವಾರ

ಸಿಕ್ಕಿತು! ಗೋಪುರದ ನೆರಳು, ಗೋಡೆಯ ತಿರುವು, ಗೇಟಿನ ಜಾಗ — ಎಲ್ಲ ತಾಳೆ. ವಿಮಾನದ ಫೋಟೋ ತೆಗೆಯುವ ಹವ್ಯಾಸಿಗಳ ಸೈಟಿನಲ್ಲಿ ಒಂದೇ ಬಿಳಿ ಜೆಟ್ ಆ ಶೆಡ್ ಮುಂದೆ ಆರು ಸಲ. ಹನ್ನೆರಡು ಸೀಟಿನ ಜೆಟ್ಟಿನಲ್ಲಿ ಮೀನು ಓಡಾಡುತ್ತದಂತೆಯೋ?

ಆ ಕದ್ದ ಫೋಟೋ ಸಮೇತ ಎಲ್ಲ ನನ್ನ ಬ್ಲಾಗಿನಲ್ಲಿ ಹಾಕಿದೆ. ಯಾರ ಹೆಸರೂ ಇಲ್ಲ. ಮುನಿಯಣ್ಣ ಸ್ಕ್ರೀನ್ ಮೇಲೆ ಶೆಡ್ಡನ್ನು ಮುಟ್ಟಿದ. ಆಮೇಲೆ ಅತ್ತ. ನನಗೂ ತಡೆಯಲಾಗಲಿಲ್ಲ.

ಫೆಬ್ರವರಿ 20

ಯಾವನೋ ಕಾಮೆಂಟ್ ಬರೆದಿದ್ದಾನೆ — ನೆರಳು ಅಳೆದು ಜಾಗ ಹುಡುಕುವುದು ಬರೀ ಬೊಗಳೆಯಂತೆ. ಬೊಗಳೆ! ಮೈ ಉರಿಯಿತು. ಸೀದಾ ಟೆರೇಸಿಗೆ ಹೋಗಿ ಸಿಂಟೆಕ್ಸ್ ಟ್ಯಾಂಕಿನ ಫೋಟೋ ತೆಗೆದೆ. ಎತ್ತರ, ನೆರಳಿನ ಉದ್ದ, ದಿಕ್ಕು, ತಾರೀಖು, ಗಂಟೆ — ಪಾಠ ಮಾಡಿದ ಹಾಗೆ ಬಿಡಿಸಿ ಬರೆದು ಫೋಟೋ ಜೊತೆ ಬ್ಲಾಗಿಗೆ ಹಾಕಿದೆ. ನೀನೇ ಮಾಡಿ ನೋಡಪ್ಪಾ ಅಂತ. ಊರು ಹಾಕಿಲ್ಲ. ಅಷ್ಟು ದಡ್ಡನಲ್ಲ ನಾನು.

ಫೆಬ್ರವರಿ 27

ಮೂರು ದೇಶದ ಪತ್ರಿಕೆಗಳಲ್ಲಿ ನಮ್ಮ ಶೆಡ್! ಅಲ್ಲಿನ ಮಂತ್ರಿ ಕೂಗಾಡಿದ್ದಾನೆ — ಒಳಗಿನ ಫೋಟೋ ಕೊಟ್ಟವನು ಎಲ್ಲಿದ್ದರೂ ಬಿಡುವುದಿಲ್ಲ ಅಂತ. ಮುನಿಯಣ್ಣ ಸರಿಯಾಗಿ ಊಟ ಮಾಡುತ್ತಿಲ್ಲ. “ನೀ ಇಲ್ಲಿರೋದು ಯಾರಿಗೂ ಗೊತ್ತಿಲ್ಲೋ ಮಾರಾಯ” ಅಂದೆ.

ಮಾರ್ಚ್ 3, ಶನಿವಾರ, ಬೆಳಿಗ್ಗೆ 8

ಅಪರಿಚಿತ ಓದುಗನ ಈ-ಮೇಲ್. ‘ನಿಮ್ಮ ಪಾಠ ಓದಿ ಲೆಕ್ಕ ಹಾಕಿದೆ. ಇದು ನಿಮ್ಮ ಮನೆಯೇ? ನನಗೆ ಸಿಕ್ಕಿದ್ದು ಅವರಿಗೂ ಸಿಗುತ್ತದೆ. ಕೂಡಲೇ ತೆಗೆಯಿರಿ.’ ಕೆಳಗೆ ಅಕ್ಷಾಂಶ, ರೇಖಾಂಶ. ಹಾಕಿ ನೋಡಿದೆ. ಈಶ್ವರಮ್ಮನ ಟೆರೇಸ್. ನೆರಳು, ಫೋಟೋದಲ್ಲಿ ಬಿದ್ದ ಹಿಂದಿನ ಬೀದಿಯ ಗುಡಿಯ ಗೋಪುರ — ಎರಡೇ ಸಾಕಾಗಿದೆ.

ಫೋಟೋ ಮತ್ತೆ ತೆರೆದೆ. ಎಡ ಅಂಚಿನಲ್ಲಿ ತಂತಿ. ತಂತಿಯ ಮೇಲೆ ಮುನಿಯಣ್ಣನ ಅಣ್ಣನ ಹೊದಿಕೆ, ಅವರ ಊರಲ್ಲಿ ಮಾತ್ರ ನೇಯುವ ಆ ಅಂಚು.

ನೇಕಾರನ ಮಗ. ನೆರಳು ಕಂಡಿತು, ಬಟ್ಟೆ ಕಾಣಲಿಲ್ಲ. ಥೂ.

ಮಧ್ಯಾಹ್ನ 1

ಎಲ್ಲ ಅಳಿಸಿದೆ. ಮುನಿಯಣ್ಣನನ್ನು ಒಂದೇ ಬ್ಯಾಗಿನೊಂದಿಗೆ ಆಟೋ ಹತ್ತಿಸಿ ಕೋಣನಕುಂಟೆಗೆ, ಆಫೀಸಿನ ಚನ್ನವೀರನ ರೂಮಿಗೆ ಕಳಿಸಿದೆ. ಏನೂ ಹುಡುಕಿಕೊಳ್ಳಲು ಬಿಡಲಿಲ್ಲ, ಗದರಿಸಿ ಹೊರಡಿಸಿದೆ.

ಆಮೇಲೆ ಈಶ್ವರಮ್ಮ: “ನಿನ್ನೆ ಇಬ್ರು ಬಂದಿದ್ರು ಕಣಪ್ಪ, ರೂಮ್ ಇದ್ಯಾ ಅಂತ. ಟೆರೇಸೆಲ್ಲ ನೋಡ್ಕೊಂಡು ಹೋದ್ರು. ಬಾಡಿಗೆ ಎಷ್ಟು ಅಂತಾನೇ ಕೇಳ್ಲಿಲ್ಲ ನೋಡು!”

ರೂಮಿಗೆ ಬಂದು ಚಿಲಕ ಹಾಕಿಕೊಂಡೆ.

ಮಾರ್ಚ್ 4, ಭಾನುವಾರ, ಸಂಜೆ 5

ಚನ್ನವೀರನ ಫೋನ್. “ಅವ ಎಲ್ಲಿ ಅದಾನೋ? ಮುಂಜಾನೆ ಹ್ವಾದಾಂವ ಇನ್ನೂ ಬಂದಿಲ್ಲ.”

ಕೆಳಗೆ ಓಡಿದೆ. ಈಶ್ವರಮ್ಮ ಅಕ್ಕಿ ಆರಿಸುತ್ತಿದ್ದರು. “ಬಂದಿದ್ನಲ್ಲ, ಹನ್ನೊಂದು ಗಂಟೆಗೆ. ಅಣ್ಣನ ಬಟ್ಟೆ ಬಿಟ್ಟೋದೆ ಆಂಟಿ ಅಂದ. ತಗೊಂಡು ಇಳಿದ. ಗೇಟ್ ಹತ್ರ ವ್ಯಾನ್ ಬಂತು, ಅದೇ ರೂಮ್ ಕೇಳ್ದೋರು. ಭುಜದ ಮೇಲೆ ಕೈ ಹಾಕಿ ಕರ್ಕೊಂಡ್ ಹೋದ್ರು. ಫ್ರೆಂಡ್ಸು ಅನ್ಕೊಂಡೆ. ಯಾಕಪ್ಪಾ, ಹಂಗ್ ನೋಡ್ತೀಯಾ?”

ಆಗ ನಾನು ಸೈಬರ್ ಕೆಫೆಯಲ್ಲಿದ್ದೆ. ಪಾಠವನ್ನು ಕಾಪಿ ಮಾಡಿಕೊಂಡವರಿಗೆಲ್ಲ ‘ದಯವಿಟ್ಟು ತೆಗೆಯಿರಿ’ ಅಂತ ಬರೆಯುತ್ತ.

ಸಂಜೆ 5.40

ಸ್ಟೇಷನ್ನಿಗೆ ಹೋಗುವ ಮುಂಚೆ ಎಲ್ಲ ಬರೆದುಕೊಳ್ಳಬೇಕು. ತಲೆ ಓಡುತ್ತಿಲ್ಲ. ಬೆಳಿಗ್ಗೆ 11.10. ಬಿಳಿ ವ್ಯಾನ್. ಎದುರಿನ ಬೇಕರಿಯವನು ನೋಡಿದ್ದಾನೆ — ಕೆಎ 05, ಕೊನೆಗೆ 4 ಅಥವಾ 9. ಹೋದದ್ದು ಬನ್ನೇರುಘಟ್ಟ ರಸ್ತೆ ಕಡೆಗೆ. ಕೈಯಲ್ಲಿ ಕೆಂಪು ಅಂಚಿನ ಹೊದಿಕೆ. ವಯಸ್ಸು ಇಪ್ಪತ್ತಮೂರು.

ಮುನಿಯಣ್ಣ ಅಂದರೆ ಪೊಲೀಸರು ಯಾರನ್ನು ಹುಡುಕುತ್ತಾರೆ? ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಅವನ ನಿಜವಾದ ಹೆಸರು —