ಆಡಿನ ಬೆನ್ನಿನ ಬಿಳುಪು

ಅರಕೇರಾ, ತಾ. ದೇವದುರ್ಗ
೧೨-೩-೧೯೭೯

ಚಿ. ವೆಂಕೋಬನಿಗೆ ಸೋದರಮಾವ ಗಡಿಗೆಪ್ಪ ಮಾಡುವ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಸುಳ್ಳು ಬರೆಯಲು ಕೈ ಏಳುತ್ತಿಲ್ಲ. ಕಾಗದ ತಡವಾಯಿತು. ಸಿಟ್ಟು ಇಳಿಯಲಿ ಎಂದು ತಿಂಗಳು ಕಾದೆ, ಇಳಿಯಲಿಲ್ಲ.

ರಾಯಚೂರಿನಲ್ಲಿ ಮುಖ ಬೆಳ್ಳಗಾಗುವ ಮುಲಾಮು ತಯಾರಿಸಿ, ಮೊದಲು ಆಡಿಗೆ ಹಚ್ಚಿ ಮೂರು ತಿಂಗಳು ನೋಡಿರಿ ಎಂದು ನೀನು ಡಬ್ಬಿ ಕಳಿಸಿದೆ. ಆಡಿನ ವಿಷಯದಲ್ಲಿ ದೇವದುರ್ಗದ ದನದ ಡಾಕ್ಟರನೇ ನನ್ನನ್ನು ಕೇಳಿ ಮಾತಾಡುತ್ತಾನೆ. ನಾಲ್ಕನೇ ಇಯತ್ತೆ ಓದಿದವನಾದರೂ ಕ್ರಮ ಬಿಡಲಿಲ್ಲ. ಕರಿ ಆಡಿನ ಬೆನ್ನಿನಲ್ಲಿ ಅಂಗೈಯಷ್ಟು ಕೂದಲು ಬೋಳಿಸಿ ದಿನಾ ಎರಡು ಹೊತ್ತು ಉಜ್ಜಿದೆ. ತಿಂಗಳೊಪ್ಪತ್ತಿನಲ್ಲಿ ಚರ್ಮ ಸುಣ್ಣದಂತೆ ಬೆಳ್ಳಗಾಯಿತು. ಆಡನ್ನು ಊರೆಲ್ಲ ಮೆರೆಸಿ ನಿನಗೆ ಕಾಗದ ಬರೆದೆ. ಅದನ್ನೇ ತೋರಿಸಿ ನೀನು ಮಾನವಿಯ ಅಂಗಡಿಗಳಿಗೂ ಡಬ್ಬಿ ಹಾಕಿದೆ.

ಆಮೇಲೆ ಬಿಳುಪು ಹಚ್ಚದ ಜಾಗಕ್ಕೂ ಹಬ್ಬಿತು. ಹೊಟ್ಟೆಗೆ, ಕಿವಿಗೆ. ಮುಟ್ಟಿದರೆ ಆಡು ಒದರುತ್ತಿತ್ತು. ಅದನ್ನೂ ಬರೆದೆ. ನಿನ್ನ ಉತ್ತರ ಏನು? "ಮಾವಾ, ಯಾರ ಮುಂದನೂ ಅನಬ್ಯಾಡ್ರಿ, ಮಾಲು ಹೋಗಾಕತ್ತದ." ಹಾಗೆ ಬರೆದ ಕೈಗೆ ಹುಳ ಬೀಳಲಿ.

ಈಗ ನನ್ನ ಮಗಳು ಕನಕಮ್ಮನ ಎರಡೂ ಕೆನ್ನೆ, ಬಾಯಿಯ ಸುತ್ತ ಅದೇ ಬಿಳುಪು. ಮಾನವಿಯಿಂದ ಹೆಣ್ಣು ನೋಡಲು ಬಂದವರು ಚಹಾ ಮುಟ್ಟದೆ ಎದ್ದರು. ಹುಡುಗನ ತಾಯಿ ಬಾಗಿಲಲ್ಲಿ ನಿಂತು, "ತೊನ್ನಿನ ಹುಡುಗೀಗೆ ಪೌಡರ್ ಬಡದು ಕುಂದ್ರಿಸೀರಿ, ದೇವರು ಮೆಚ್ಚತಾನೇನ್ರಿ?" ಎಂದಳು. ತೊನ್ನಲ್ಲ, ಮುಲಾಮಿನ ಕೆಲಸ ಎಂದು ಸಾಬೀತು ಮಾಡಲು ನಾನು ಆಡನ್ನೇ ಎಳೆತಂದು ನಿಲ್ಲಿಸಿದೆ. ಆಡಿಗೂ ಅಂಟಿಸಿದ್ದಾಳೆ ಎಂದು ಅವರು ಇನ್ನಷ್ಟು ದೂರ ಸರಿದರು.

ಕನಕಮ್ಮ ಈಗ ಸೆರಗು ಮುಚ್ಚಿಕೊಂಡೇ ನೀರಿಗೆ ಹೋಗುತ್ತಾಳೆ. ಮಾನವಿಯ ಡಬ್ಬಿಗಳನ್ನೆಲ್ಲ ಎಂಟು ದಿನದಲ್ಲಿ ವಾಪಸು ತರಿಸು. ಇಲ್ಲವಾದರೆ ಆಡನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದು ನಿನ್ನ ಅಂಗಡಿಯ ಮುಂದೆ ಕಟ್ಟುತ್ತೇನೆ. ಕಟ್ಟದಿದ್ದರೆ ನಾನು ಗಡಿಗೆಪ್ಪನೇ ಅಲ್ಲ.

ಅಕ್ಕನಿಗೆ ಶರಣು ಹೇಳು. ನೀನು ನೂರು ವರ್ಷ ಬಾಳು. ದಿನಾ ಕನ್ನಡಿ ನೋಡುವಾಗ ನನ್ನ ಮಗಳ ಮುಖ ಕಾಣಲಿ.

ನಿನ್ನ ಮಾವ,
ಗಡಿಗೆಪ್ಪ

ತಾ.ಕ.: ಅವಳಿಗೆ ಡಬ್ಬಿ ಕೊಟ್ಟವನು ನಾನೇ. ಆಡಿನ ಬೆನ್ನು ಬೆಳ್ಳಗಾದ ದಿನವೇ ಕೊಟ್ಟೆ, ಮೂರು ತಿಂಗಳು ಕಾಯಲಿಲ್ಲ. ಬಿಳುಪು ಆಡಿನ ಹೊಟ್ಟೆಗೆ ಹಬ್ಬಿದಾಗ ಅವಳು ಕೇಳಿದಳು, "ಯಪ್ಪಾ, ನನಗೂ ಹಿಂಗ ಆದ್ರ?" ಮಾನವಿಯವರು ಬರಲು ಹದಿನೈದೇ ದಿನ ಉಳಿದಿತ್ತು. "ಅದು ಆಡು, ನೀ ಮನಷ್ಯಾಳು. ಹಚ್ಕೋ" ಎಂದೆ. ಹಚ್ಚಿಕೊಂಡಳು.