ಸರ್ವಾನುಮತಕ್ಕೆ ಅಡ್ಡ ಬಂದ ಕೈ

ನಗರಸಭೆಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಭೆಯಲ್ಲಿ ಕೈ ಎತ್ತಿದ ತಪ್ಪಿಗೆ ನನ್ನ ಅಣ್ಣನ ಕೈ ಮುರಿಸಿದ್ದೀರಿ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಎರಡನೆಯ ಸಾಲಿನವರೆಗೆ ಓದುವ ತಾಳ್ಮೆ ತಮಗಿಲ್ಲ. ಉಳಿದದ್ದನ್ನು ಊರಿನವರು ಓದಿಕೊಳ್ಳಲಿ.

"ನಾಗರಿಕರೇ ಬನ್ನಿ, ಆಡಳಿತದಲ್ಲಿ ಭಾಗವಹಿಸಿ" ಎಂದು ಆಟೋಗೆ ಮೈಕು ಕಟ್ಟಿಸಿ ಬೀದಿಬೀದಿಯಲ್ಲಿ ಕೂಗಿಸಿದವರು ನೀವೇ ತಾನೇ? ಅದನ್ನು ನಿಜವೆಂದು ನಂಬಿದ ಪೆದ್ದ ಇಡೀ ಊರಿಗೆ ನಮ್ಮಣ್ಣ ಒಬ್ಬನೇ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಕಟಿಂಗ್ ಶಾಪು: ಎರಡು ಕುರ್ಚಿ, ಒಂದು ಕನ್ನಡಿ, ನಿಲ್ಲದ ಬಾಯಿ. ಆ ಓಣಿಯನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸುವ ಠರಾವು ಅಂದು ಸಭೆಗೆ ಬರುವುದಿತ್ತು. ಅಣ್ಣ ಅಂಗಡಿಗೆ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. "ಏನ್ರೀ, ಹೆಣ್ಣು ನೋಡೋಕಾ?" ಎಂದು ಅತ್ತಿಗೆ ಛೇಡಿಸಿದರು. "ಸುಮ್ನಿರೇ, ಇವತ್ತು ನಾನೂ ಸರ್ಕಾರ" ಎಂದ. ನಾನೂ ಹೊಲಿಗೆ ಯಂತ್ರ ಬಿಟ್ಟು ಜೊತೆಗೆ ಹೋದೆ.

ನಿಮ್ಮ ಗುಮಾಸ್ತರು ಠರಾವನ್ನು ಉಸಿರು ತೆಗೆದುಕೊಳ್ಳದೆ ಓದಿ ಮುಗಿಸಿದರು. ನೀವು ಕುರ್ಚಿಯಿಂದ ಅರ್ಧ ಎದ್ದು, "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದಿರಿ. ಹೊರಟು ನಿಂತ ನೆಂಟರಿಗೆ ಊಟ ಮಾಡಿಕೊಂಡು ಹೋಗಿ ಎನ್ನುತ್ತೇವಲ್ಲ, ಹಾಗೆ. ಉತ್ತರಕ್ಕೂ ಕಾಯದೆ "ಸರ್ವಾನುಮತದಿಂದ ಅಂಗೀಕಾರ" ಎಂದೂ ಸೇರಿಸಿದಿರಿ. ಆದರೆ ಈ ನೆಂಟ ಊಟಕ್ಕೆ ಕೂತೇಬಿಟ್ಟ ನೋಡಿ! ಬಲಗೈ ಎತ್ತಿ ಕೇಳಿದ: "ಸಾರ್, ಒಂದ್ನಿಮಿಷ. ನಾನು ಒಪ್ಪೇ ಇಲ್ವಲ್ಲ, ಸರ್ವಾನುಮತ ಹೆಂಗಾಯ್ತು?"

ಸಭೆ ನಕ್ಕಿತು. ನೀವೂ ನಕ್ಕಿರಿ. ನಗುತ್ತಲೇ ಬಾಗಿಲ ಬಳಿ ನಿಂತಿದ್ದ ನಿಮ್ಮ ಹುಡುಗರ ಕಡೆ ಕಣ್ಣು ಹಾಯಿಸಿದಿರಿ.

"ಕೈ ಇಳಿಸೋ" ಎನ್ನುತ್ತ ಅವರು ಅಣ್ಣನನ್ನು ಸುತ್ತುವರಿದರು.

"ಉತ್ತರ ಬರ್ಲಿ, ಇಳಿಸ್ತೀನಿ."

ಆಮೇಲೆ ಕಂಡದ್ದನ್ನು ಬರೆಯುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ. ಕೊರಳಪಟ್ಟಿ ಹಿಡಿದೆಳೆದು ಅವನ ಮುಖವನ್ನು ಬೆಂಚಿನ ಅಂಚಿಗೆ ಅಪ್ಪಳಿಸಿದರು. ಹಲ್ಲು ಉದುರಿತು, ಇಸ್ತ್ರಿ ಅಂಗಿಯ ಮೇಲೆ ರಕ್ತ ಇಳಿಯಿತು. ಕೆಳಗೆ ಬಿದ್ದವನ ಹೊಟ್ಟೆಗೆ ಒದ್ದರು. ಇಷ್ಟಕ್ಕೂ ಕೈ ಇಳಿಯಲಿಲ್ಲ ಎಂದು, ಅದನ್ನು ನೆಲಕ್ಕೆ ಒತ್ತಿ ಬೂಟಿನ ಹಿಮ್ಮಡಿಯಿಂದ ಬೆರಳುಗಳನ್ನು ಅರೆದರು. ಲಟಕ್ಕೆಂದ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ನಾನು ಆ ಬೂಟಿನವನ ಮೀನಖಂಡಕ್ಕೆ ಹಲ್ಲು ಊರಿದೆ, ಬಾಯಿಗೆ ರಕ್ತ ಬರುವವರೆಗೂ ಬಿಡಲಿಲ್ಲ. ಹೌದು, ಕಚ್ಚಿದೆ, ಬೇಕಾದರೆ ಕೇಸು ಹಾಕಿ. ನೀವು ಲೋಟದ ನೀರು ಕುಡಿದು, "ಮುಂದಿನ ವಿಷಯ ಓದ್ರಿ" ಎಂದಿರಿ.

ಠಾಣೆಯಲ್ಲಿ "ಮೆಟ್ಟಿಲಿಂದ ಜಾರಿ ಬಿದ್ದನಂತೆ" ಎಂದರು. ಸ್ವಾಮೀ, ನಿಮ್ಮ ಸಭಾಂಗಣ ನೆಲಮಟ್ಟದಲ್ಲಿದೆ! ನಮ್ಮಣ್ಣ ಬೀಳಲೆಂದೇ ಮೆಟ್ಟಿಲು ಕಟ್ಟಿಸಿದಿರೋ? ಡಾಕ್ಟರು, "ಮೂಳೆ ಕೂಡತ್ತೆ, ಕತ್ತರಿ ಹಿಡಿಯೋದು ಡೌಟು" ಎಂದರು. ಅತ್ತಿಗೆ ತುತ್ತು ಮಾಡಿ ಬಾಯಿಗಿಡುತ್ತಾರೆ. ಅವನು ಗೋಡೆ ನೋಡಿಕೊಂಡು ನುಂಗುತ್ತಾನೆ.

ಭಾಗವಹಿಸಿ ಎಂದರೆ ಚಪ್ಪಾಳೆ ತಟ್ಟಿ ಎಂದರ್ಥವೇ? ಹಾಗಿದ್ದರೆ ಹಾಗೆಂದೇ ಕೂಗಿಸಿ, ಕೈಕಾಲು ಉಳಿಯುತ್ತವೆ. ಅಲ್ಲವಾದರೆ ಆ ಸಭೆಯನ್ನು ಮತ್ತೆ ಕರೆಯಿರಿ. ಮಾರುಕಟ್ಟೆಯ ಬಯಲಲ್ಲಿ, ಹಗಲು ಹೊತ್ತಿನಲ್ಲಿ, ನಿಮ್ಮ ಹುಡುಗರಿಲ್ಲದೆ. ಬೇಡ ಎಂದವರನ್ನೂ ಎಣಿಸಿ. ಕೇಳಿದ್ದಕ್ಕೆ ಉತ್ತರ ಕೊಡದೆ ಯಾವ ಠರಾವೂ ಪಾಸಾಗಕೂಡದು. ಅಲ್ಲಿಯವರೆಗೆ ಓಣಿಯ ಒಂದು ಇಟ್ಟಿಗೆ ಅಲುಗಿದರೂ ನಾವೆಲ್ಲ ಬುಲ್ಡೋಜರಿನ ಮುಂದೆ ಮಲಗುತ್ತೇವೆ. ಹತ್ತಿಸಿಕೊಂಡು ಹೋಗಿ.

ಕೊನೆಗೊಂದು ಮಾತು. ಅಧ್ಯಕ್ಷರಾಗುವ ಮೊದಲೂ ಆದ ಮೇಲೂ ನೀವು ಗಡ್ಡ ಹೆರೆಸಿಕೊಂಡದ್ದು ನಮ್ಮಣ್ಣನ ಕುರ್ಚಿಯಲ್ಲೇ. ತಲೆ ಹಿಂದಕ್ಕೆ ಚೆಲ್ಲಿ, ಗಂಟಲನ್ನು ಅವನ ಕತ್ತಿಗೆ ಒಡ್ಡಿ, ಹಾಯಾಗಿ ಗೊರಕೆ ಹೊಡೆಯುತ್ತಿದ್ದಿರಿ. ಒಂದು ದಿನವಾದರೂ ಗೀರು ಬಿದ್ದಿತ್ತೇ? ಅವನ ಕೈಯಲ್ಲಿ ಕತ್ತಿ ಇದ್ದಾಗ ಹೆದರದ ನೀವು, ಬರಿಗೈ ಎತ್ತಿದ್ದಕ್ಕೆ ಯಾಕೆ ಸ್ವಾಮೀ ಇಷ್ಟು ಹೆದರಿದಿರಿ?

ಇಂತಿ,
ನಿಮ್ಮ ಸರ್ವಾನುಮತದಲ್ಲಿ ಲೆಕ್ಕಕ್ಕೆ ಸಿಗದ
ಕಟಿಂಗ್ ಶಾಪಿನವನ ತಂಗಿ